ಪಾಲಿಹೌಸ್ ಒಳಗೆ ಗಾಳಿ ಆಡ್ಬೇಕು, ನೊಣ ಆಡ್ಬಾರ್ದು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದ್ರೆ ರಸ್ತೆಯ ಈ ಪಕ್ಕ ಕಡ್ಡಿ ನೆಟ್ಟು ದಾರ ಕಟ್ಟಿರೋ ಟೊಮೆಟೊ ಹೊಲ, ಆ ಪಕ್ಕ ಪಾಲಿಹೌಸಲ್ಲಿ ಕೆಂಪು, ಹಳದಿ ಕ್ಯಾಪ್ಸಿಕಂ. ಒಳಗೆ ಬೆಚ್ಚಗಿರ್ಲಿ ಅಂತ ಪ್ಲಾಸ್ಟಿಕ್ ಹೊದಿಸಿದಾರೆ ಅಂತಾನೇ ಸುಮಾರು ಜನ ಅನ್ಕೊಂಡಿರ್ತಾರೆ. ಹಾಲೆಂಡಲ್ಲಾದ್ರೆ ಸರಿ, ನಮ್ಮ ಬಯಲುಸೀಮೆಲಿ ಬಿಸಿ ಯಾರಿಗೆ ಬೇಕು ಸ್ವಾಮಿ? ಇಲ್ಲಿ ಅದು ಒಂದು ದೊಡ್ಡ ಕೊಡೆ. ಮಳೆ ಹನಿ ಎಲೆ ಮೇಲೆ ಬೀಳ್ದಿದ್ರೆ ಅಂಗಮಾರಿ, ಎಲೆಚುಕ್ಕೆ ತರದ ರೋಗ ಹರಡೋದು ಎಷ್ಟೋ ಕಮ್ಮಿ ಆಗುತ್ತೆ (ಬೂದಿ ರೋಗ ಮಾತ್ರ ಉಲ್ಟಾ, ಅದಕ್ಕೆ ಎಲೆ ಒದ್ದೆ ಆಗ್ಲೇಬೇಕು ಅಂತೇನಿಲ್ಲ).

ಬಿಸಿ ಇಲ್ಲಿ ತಲೆನೋವು. ಬಿಸಿಲಿಗೆ ನೆಲ, ಗಿಡ ಕಾಯ್ತವೆ, ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತೆ, ಬಯಲಲ್ಲಾದ್ರೆ ಅದು ಹಂಗೇ ಹೊರಟೋಗುತ್ತೆ, ಒಳಗಾದ್ರೆ ಸಿಕ್ಕಾಕೊಳ್ಳುತ್ತೆ. 1909ರಲ್ಲಿ ಅಮೆರಿಕದ ರಾಬರ್ಟ್ ವುಡ್ ಅನ್ನೋ ಭೌತವಿಜ್ಞಾನಿ ಒಂದು ಪೆಟ್ಟಿಗೆಗೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣನ ಆಚೆ ಬಿಟ್ಬಿಡೋ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಲ್ಲಿಟ್ಟು ನೋಡಿದ್ರು, ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾದ್ವು. ಅಂದ್ರೆ ಬಿಸಿ ಏರೋಕೆ ಮುಖ್ಯ ಕಾರಣ ಗಾಳಿ ಕಟ್ಟಾಕಿರೋದು. ನಮ್ಮ ಪಾಲಿಹೌಸ್‌ಗಳ ನೆತ್ತಿ ಮೇಲೆ ಉದ್ದಕ್ಕೆ ಬಾಯಿ ಬಿಟ್ಟಿರ್ತಾರಲ್ಲ, ಅದು ಇದಕ್ಕೇ.

ಈಗ ನಿಜವಾದ ಪೇಚಾಟ. ಪಕ್ಕಕ್ಕೆ ಕಟ್ಟೋ 40–50 ಮೆಶ್ (ಅಂದ್ರೆ ಇಂಚಿಗೆ 40–50 ಕಣ್ಣಿರೋ) ನೆಟ್, ರಸ ಹೀರಿ ವೈರಸ್ ಹರಡೋ ಬಿಳಿ ನೊಣನ ಹೆಚ್ಚುಕಮ್ಮಿ ತಡೆಯುತ್ತೆ, ಆದ್ರೆ ಥ್ರಿಪ್ಸ್ ಅನ್ನೋ ಎಲೆ ರಸ ಹೀರೋ ಹುಳ ಅದಕ್ಕಿಂತ ಸಣ್ಣದು, ನುಗ್ಗಿಬಿಡುತ್ತೆ. ಸರಿ, ಇನ್ನೂ ಸಣ್ಣ ಕಣ್ಣಿನ ನೆಟ್ ಹಾಕೋಣ ಅಂದ್ರೆ ಗಾಳಿ ಆಡಲ್ಲ, ಬಿಸಿ 35 ಡಿಗ್ರಿ ದಾಟ್ತಿದ್ದಂಗೆ ಕ್ಯಾಪ್ಸಿಕಂ ಹೂ ಉದುರೋಕೆ ಶುರು. ಒಳಗೆ ಒಂದ್ಸಲ ಸೇರ್ಕೊಂಡ ಥ್ರಿಪ್ಸ್, ಮೈಟ್‌ಗೆ (ಮೈಟ್ ಅಂದ್ರೆ ನುಸಿ) ತೊಳ್ಕೊಂಡು ಹೋಗೋ ಮಳೆ ಇಲ್ಲ, ಅದನ್ನ ತಿನ್ನೋ ಹುಳನೂ ಕಮ್ಮಿ, ಹಬ್ಬ ಮಾಡ್ತವೆ.

ಮಣ್ಣಿಗೂ ಅಷ್ಟೆ. ಮಳೆ ಇಲ್ದೆ ಗೊಬ್ಬರದ ಉಪ್ಪು ಕೆಳಗೆ ತೊಳ್ದೋಗಲ್ಲ, ಅಲ್ಲೇ ಕೂರುತ್ತೆ, ಜೊತೆಗೆ ವರ್ಷ ವರ್ಷ ಅದೇ ಬೆಳೆ ಹಾಕಿದ್ರೆ ಬೇರಲ್ಲಿ ಗಂಟು ಕಟ್ಟಿಸೋ ಜಂತುಹುಳ ಬೇರೆ. ಜೇನ್ನೊಣ ಬರಲ್ಲ, ಅದಕ್ಕೇ ಒಳಗೆ ಸೌತೆ ಹಾಕೋರು ಪರಾಗಸ್ಪರ್ಶ ಇಲ್ದೇನೂ ಕಾಯಿ ಕಟ್ಟೋ ಬೀಜರಹಿತ ತಳಿನೇ ಹಾಕ್ತಾರೆ.

ಹಂಗಂತ ಲಾಭ ಇಲ್ಲ ಅಂತಲ್ಲ. ಬಯಲಲ್ಲಿ ನಾಲ್ಕೈದು ತಿಂಗಳಿಗೆ ಮುಗಿಯೋ ಕ್ಯಾಪ್ಸಿಕಂ ಒಳಗೆ ದಾರಕ್ಕೆ ಹಬ್ಬಿಸಿದ್ರೆ 9–10 ತಿಂಗಳು ನಿಲ್ಲುತ್ತೆ, ಹೆಕ್ಟೇರಿಗೆ 80ರಿಂದ 100 ಟನ್ ತನಕ ಬರುತ್ತೆ, ಬಯಲಲ್ಲಿ 20–40. ಆದ್ರೆ ಕಟ್ಟೋ ಖರ್ಚು ಲಕ್ಷಗಳಲ್ಲಿ. ಟೊಮೆಟೊ ರೇಟ್ ನಂಬ್ಕೊಂಡು ಅದಕ್ಕೆ ಕೈಹಾಕೋದು ನನ್ನ ಕೇಳಿದ್ರೆ ಬೇಡ.

ಟೊಮೆಟೊಗೆ ಅಸಲಿ ಗಂಡಾಂತರ ಎಳೇ ವಯಸ್ಸಲ್ಲಿ. ಬಿಳಿ ನೊಣ ತರೋ ಎಲೆ ಮುಟುರು ವೈರಸ್ ಸಸಿಗೇ ತಗುಲಿದ್ರೆ ಗಿಡ ಕುಳ್ಳಾಗಿ, ಕಾಯಿನೇ ನಿಲ್ಲಲ್ಲ, ಬಲಿತ ಮೇಲೆ ಬಂದ್ರೆ ನಷ್ಟ ಅಷ್ಟಿರಲ್ಲ. ಅದಕ್ಕೇ ನರ್ಸರಿಯವ್ರು 98 ಗುಳಿ ಇರೋ ಪ್ಲಾಸ್ಟಿಕ್ ತಟ್ಟೆಲಿ (ಪ್ರೋಟ್ರೇ) ತೆಂಗಿನ ನಾರಿನ ಪುಡಿ (ಕೋಕೋಪೀಟ್) ತುಂಬಿ, ನೆಟ್ ಒಳಗೆ ಸುಮಾರು 25 ದಿನ ಸಸಿ ಬೆಳೆಸಿ ಕೊಡೋದು. ಆಮೇಲೆ ಹೊಲದಲ್ಲಿ ಸಿಲ್ವರ್ ಬಣ್ಣ ಮೇಲೆ ಮಾಡಿ ಮಲ್ಚಿಂಗ್ ಪೇಪರ್ (ಮಣ್ಣಿಗೆ ಹೊದಿಸೋ ಪ್ಲಾಸ್ಟಿಕ್ ಹಾಳೆ) ಹಾಸಿದ್ರೆ ಕೆಳಗಿಂದ ಹೊಳೆಯೋ ಬೆಳಕಿಗೆ ನೊಣ ದಿಕ್ಕು ತಪ್ಪಿ ಗಿಡದ ಮೇಲೆ ಇಳಿಯೋದು ಕಮ್ಮಿ ಆಗುತ್ತೆ, ಗಿಡ ಹರಡಿ ಪೇಪರ್ ಮುಚ್ಕೊಳ್ಳೋ ತನಕ.