ಹಣ ಒಂದು ವರ್ಷದ್ದು, ಪ್ಲಾನ್ ಮೂರು ವರ್ಷದ್ದಾ?

ಪ್ರಶ್ನೆ: ದೇವದುರ್ಗ ತಾಲ್ಲೂಕಿನಲ್ಲಿ ಗುಳೆ ಹೋಗುವ ಮನೆಗಳ ಮಕ್ಕಳ ಓದಿಗಾಗಿ ಆರು ಜನ ಸೇರಿ ಸಣ್ಣ ಸಂಸ್ಥೆ ನಡೆಸುತ್ತಿದ್ದೇವೆ. ಒಂದು ಕಂಪನಿಯ ಸಿಎಸ್‌ಆರ್‌ನವರು (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ವಿಭಾಗದವರು) ಮೂರು ವರ್ಷದ ಪ್ಲಾನ್ ಬರೆದು ಕೊಡಿ ಅಂದಿದ್ದಾರೆ. ನಮಗೆ ಮಾರ್ಚ್‌ವರೆಗಿನ ಹಣವೇ ಗ್ಯಾರಂಟಿ ಇಲ್ಲ. ಏನಂತ ಬರೆಯೋದು?

ಉತ್ತರ: ಅವರು ಮೂರು ಅಂದಿದ್ದು ಸುಮ್ನೆ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕು. ಆ ವರ್ಷ ಉಳಿದ ಹಣ ಹಲವು ವರ್ಷ ನಡೆಯುವ ಯೋಜನೆಯದ್ದಾದರೆ, ಅದನ್ನು ಬೇರೆ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. ಅಂದರೆ ನಿಮ್ಮ ಪ್ಲಾನ್ ಅವರಿಗೂ ಬೇಕು. ಹಣ ಬರಲಿ, ಆಮೇಲೆ ಬರೆಯೋಣ ಅಂತ ಕೂರಬೇಡಿ.

ಬರೆಯುವಾಗ ಮೊದಲು ಕ್ಯಾಲೆಂಡರ್ ಹಿಡಿದುಕೊಳ್ಳಿ. ಕಂಪನಿಯ ವರ್ಷ ಏಪ್ರಿಲ್‌ನಿಂದ, ಶಾಲೆಯದ್ದು ಜೂನ್ ಹೊತ್ತಿಗೆ. ನಿಮ್ಮ ಮನೆಗಳ ವರ್ಷ ಇವೆರಡೂ ಅಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ, ಉಗಾದಿಗೋ ಮುಂಗಾರಿಗೋ ವಾಪಸ್ ಬರುತ್ತಾರೆ. ಹಿಂದೆ ನಾವು ಒಮ್ಮೆ ಮನೆಮನೆ ಸರ್ವೆಯನ್ನು ಜನವರಿಯಲ್ಲಿ ಇಟ್ಟುಕೊಂಡಿದ್ದೆವು. ಅರ್ಧ ಓಣಿಗೆ ಬೀಗ. ಬಾಗಿಲು ತೆಗೆದ ಅಜ್ಜಿಯರನ್ನು 'ಮಗು ಶಾಲೆಗೆ ಹೋಗುತ್ತಾ?' ಎಂದು ಕೇಳಿ ಫಾರಂ ತುಂಬಿದೆವು. ಹೊರಟುಹೋಗಿದ್ದ ಮಕ್ಕಳು ಲೆಕ್ಕದಲ್ಲೇ ಇಲ್ಲ! ನಮಗೆ ಬೇಕಿದ್ದದ್ದು ಅದೇ ಮಕ್ಕಳ ಲೆಕ್ಕ. ಆದ್ದರಿಂದ ಸರ್ವೆ, ಪಾಲಕರ ಸಭೆ ಎಲ್ಲ ಗುಳೆ ಹೊರಡುವ ಮೊದಲೇ ಇರಲಿ. ಮಕ್ಕಳನ್ನು ಅಜ್ಜ ಅಜ್ಜಿ ಹತ್ತಿರ ಅಥವಾ ಹಾಸ್ಟೆಲಿನಲ್ಲಿ ಬಿಟ್ಟುಹೋಗಲು ಮನವೊಲಿಸುವ ಹೊತ್ತೂ ಅದೇ.

ಇನ್ನು ಕಷ್ಟದ ಪುಟ: ಏನು ಮಾಡುವುದಿಲ್ಲ ಅನ್ನೋದು. ಈ ಪ್ಲಾನ್‌ನಲ್ಲಿ ನನಗೆ ಮುಖ್ಯ ಅನ್ನಿಸುವುದು ಅದೇ. ಹೊಲಿಗೆ ಯಂತ್ರ ಕೊಡ್ತೀವಿ, ಸಸಿ ನೆಡ್ತೀರಾ ಅಂತ ಯಾರೋ ಬರುತ್ತಾರೆ. ಹಣ ಕಂಡರೆ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತೆ? ಎರಡು ವರ್ಷ ಹಾಗೆ ನಡೆದರೆ ನಿಮ್ಮ ಆರು ಜನ ಸಸಿಗೆ ನೀರು ಹಾಕುತ್ತಿರುತ್ತಾರೆ. 'ಆರನೇ ತರಗತಿಯಿಂದ ಹತ್ತರವರೆಗೆ, ಈ ಎಂಟು ಊರು, ಗುಳೆ ಮನೆಗಳ ಮಕ್ಕಳು. ಬೇರೆಯದ್ದು ನಮ್ಮ ಕೆಲಸವಲ್ಲ' ಎಂದು ನಿಮ್ಮ ಲೆಕ್ಕಕ್ಕೆ ತಕ್ಕಂತೆ ಬರೆದುಬಿಡಿ.

ಸಂಬಳದ ವಿಷಯ ಬೇಗ ಹೇಳಿಬಿಡ್ತೀನಿ. ಆಡಳಿತ ಖರ್ಚು ಶೇ 5 ದಾಟಬಾರದು ಎಂಬ ಮಾತು ಕೇಳಿರುತ್ತೀರಿ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ. ಊರಲ್ಲಿ ಪಾಠ ಮಾಡುವ ನಿಮ್ಮ ಕಾರ್ಯಕರ್ತೆಯ ಸಂಬಳ ಯೋಜನೆಯ ಖರ್ಚೇ. ಹೆದರಿ ಕಡಿಮೆ ಬರೆಯಬೇಡಿ.

ಮೊದಲ ವರ್ಷವನ್ನು ತಿಂಗಳು ತಿಂಗಳಾಗಿ ಬರೆಯಿರಿ. ಎರಡನೆಯದಕ್ಕೆ ಎರಡು ಪುಟ, ಮೂರನೆಯದಕ್ಕೆ ಒಂದು ಸಾಕು. ಉಗಾದಿಗೆ ಊರಿಗೆ ಬಂದ ತಾಯಂದಿರನ್ನು ಗುಡಿಕಟ್ಟೆಯಲ್ಲಿ ಕೂರಿಸಿ, ಪ್ಲಾನ್ ಓದಿ ಹೇಳಿ. ಅವರು ತಲೆ ಅಲ್ಲಾಡಿಸಿದ ಕಡೆ ಅಲ್ಲೇ ಪೆನ್ನು ತೆಗೆದು ತಿದ್ದಿ.