ಅನ್ಯಾ: ಡೋಲಿನೊಳಗಿನ ದೈವ

ನಮ್ಮ ‘ಅನ್ಯ’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕ್ಯೂಬಾದ ಮಾತು, ಒತ್ತು ಕೊನೆಯ ‘ನ್ಯಾ’ ಮೇಲೆ ಬೀಳುತ್ತದೆ. ಮೂಲ ಮಾತ್ರ ಆಫ್ರಿಕಾದ್ದು. ನೈಜೀರಿಯಾದ ಯೊರುಬಾ ಜನ ಡೋಲಿನ ದೈವವನ್ನು ‘ಆಯಾನ್’ ಅಂತ ಕರೆಯುತ್ತಾರೆ. ಅಲ್ಲಿ ಡೋಲು ಬಾರಿಸುವ ಮನೆತನದವರ ಹೆಸರುಗಳು ಇವತ್ತಿಗೂ ‘ಆಯಾನ್’ನಿಂದಲೇ ಶುರುವಾಗುತ್ತವೆ. ಹೆಸರು ಕೇಳಿದರೆ ಸಾಕು, ಮನೆತನ ಗೊತ್ತಾಗುತ್ತದೆ.

19ನೇ ಶತಮಾನದ ಮೊದಲ ಭಾಗದಲ್ಲಿ ಯೊರುಬಾ ಜನರ ಓಯೋ ರಾಜ್ಯ ಕುಸಿಯಿತು. ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ಜನರನ್ನು ಗುಲಾಮರನ್ನಾಗಿ ಮಾರಿ ಕ್ಯೂಬಾಕ್ಕೆ ಸಾಗಿಸಿದರು. ಕಬ್ಬಿನ ತೋಟಗಳಲ್ಲಿ ಹಗಲಿರುಳು ದುಡಿದ ಈ ಜನರಿಗೆ ಅಲ್ಲಿ ಲುಕುಮಿ ಎಂಬ ಹೆಸರು ಬಂತು. ಅವರು ಉಳಿಸಿಕೊಂಡ ಧರ್ಮವೇ ಸಾಂತೇರಿಯಾ. ಅದನ್ನು ಪಾಲಿಸುವವರಲ್ಲಿ ಎಷ್ಟೋ ಜನ ‘ರೆಗ್ಲಾ ದೆ ಓಚಾ’ ಎನ್ನುವುದೇ ಜಾಸ್ತಿ. ಅವರ ದೈವಗಳಿಗೆ ಒರಿಷಾ ಎಂದು ಹೆಸರು.

ಕ್ಯೂಬಾದ ವಿದ್ವಾಂಸ ಫರ್ನಾಂಡೋ ಒರ್ತಿಸ್ ಹಿರಿಯ ವಾದಕರ ಬಾಯಿಂದ ಕೇಳಿ ಬರೆದಿಟ್ಟ ಒಂದು ಕಥೆಯಿದೆ. 1830ರ ಸುಮಾರು. ಅನ್ಯಾಬಿ ಎಂಬ ಗುಲಾಮ ಹವಾನಾದಲ್ಲಿ ತನ್ನ ನಾಡಿನ ಬಡಿತ ಕೇಳಿದ. ಆದರೆ ಆ ಡೋಲುಗಳಿಗೆ ವಿಧಿಯಂತೆ ಪ್ರತಿಷ್ಠೆ ಆಗಿರಲಿಲ್ಲ. ಕೊನೆಗೆ ಅವನೂ ಅತಾಂಡಾ ಎಂಬ ಇನ್ನೊಬ್ಬನೂ ಸೇರಿ ಕ್ಯೂಬಾದ ಮೊದಲ ಪ್ರತಿಷ್ಠಿತ ಡೋಲುಗಳನ್ನು ಮಾಡಿದರು. ಊರು, ಭಾಷೆ, ಮನೆಮಂದಿ ಎಲ್ಲ ಕಳೆದುಕೊಂಡವರು ತಮ್ಮ ದೈವವನ್ನು ಮತ್ತೆ ಮರದೊಳಗೆ ಕೂರಿಸಿದರು ಅಂದರೆ ಅದು ಸಣ್ಣ ವಿಷಯ ಅಲ್ಲ.

ಈ ಡೋಲಿನ ಹೆಸರು ಬಟಾ. ಒಂದೇ ಮರದ ತುಂಡನ್ನು ಕೊರೆದು ಮಾಡುತ್ತಾರೆ. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ಕೂತು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕಡೆ ಕೈಯಿಂದ ಬಾರಿಸುತ್ತಾರೆ. ಯಾವಾಗಲೂ ಮೂರು ಡೋಲು ಒಟ್ಟಿಗೆ. ದೊಡ್ಡದು ಇಯಾ, ಅಂದರೆ ತಾಯಿ. ನಡುವಿನದು ಇತೋತೆಲೆ, ಚಿಕ್ಕದು ಒಕೋಂಕೋಲೊ. ಚಿಕ್ಕದು ಲಯ ತಪ್ಪದಂತೆ ಹಿಡಿದಿರುತ್ತದೆ. ತಾಯಿ ಕರೆಯುತ್ತಾಳೆ, ನಡುವಿನದು ಓಗೊಡುತ್ತದೆ.

‘ಕರೆಯುವುದು’ ಎಂಬ ಮಾತನ್ನು ನಾನು ಸುಮ್ನೆ ಬಳಸಿಲ್ಲ. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಒಕೊ’ ಎಂಬುದನ್ನು ಒಂದೇ ಸ್ವರದಲ್ಲಿ ಹೇಳಿದರೆ ಗಂಡ, ಕೊನೆಯಲ್ಲಿ ಸ್ವರ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ. ಹಾಗಾಗಿ ಡೋಲು ಆ ಏರಿಳಿತವನ್ನು ಹಿಡಿದು ನಿಜವಾಗಿಯೂ ಮಾತಾಡಬಲ್ಲದು, ದೈವದ ಹೊಗಳಿಕೆಯನ್ನೂ ನುಡಿಸಬಲ್ಲದು. ಸ್ಪ್ಯಾನಿಷ್ ಆಡುವ ಕ್ಯೂಬಾದಲ್ಲಿ ಆ ಭಾಷೆಯ ಏರಿಳಿತ ಮಾಸಿಹೋಯಿತು. ಆದರೂ ಒಂದೊಂದು ಒರಿಷಾಕ್ಕೂ ಅದರದೇ ಬಡಿತ ಉಳಿದುಕೊಂಡಿತು.

ಈಗ ಅನ್ಯಾಕ್ಕೆ ಬರೋಣ. ನೋಡಲು ಒಂದೇ ತರಹದ ಎರಡು ಬಟಾ ಇದ್ದರೂ ಎರಡೂ ಒಂದೇ ಅಲ್ಲ. ಕಛೇರಿಗೆ, ಕಲಿಕೆಗೆ ಬಳಸುವ ಸಾಮಾನ್ಯ ಡೋಲು ‘ಅಬೆರಿಕುಲಾ’. ಪ್ರತಿಷ್ಠೆ ಆದದ್ದರ ಒಳಗೆ ಮಾತ್ರ ಅನ್ಯಾ ಇರುತ್ತದೆ. ಅದರ ಗುಟ್ಟು ದೀಕ್ಷೆ ಪಡೆದ ವಾದಕರಲ್ಲೇ ಉಳಿದಿದೆ. ಅವರು ‘ಓಮೋ ಅನ್ಯಾ’, ಅಂದರೆ ಅನ್ಯಾದ ಮಕ್ಕಳು. ಹೊಸ ಡೋಲುಗಳು ಹಳೆಯ ಪ್ರತಿಷ್ಠಿತ ಡೋಲುಗಳಿಂದ ‘ಹುಟ್ಟುತ್ತವೆ’. ಮೊದಲು ಹಳೆಯದನ್ನು ನುಡಿಸಿ, ಅದರ ದನಿಯನ್ನು ಹೊಸದಕ್ಕೆ ದಾಟಿಸುತ್ತಾರೆ. ಹೀಗೆ ಡೋಲುಗಳಿಗೂ ಒಂದು ವಂಶಾವಳಿ ಇರುತ್ತದೆ. ಅವುಗಳಿಗೆ ಹೆಸರಿದೆ, ಎಡೆಯೂ ಸಲ್ಲುತ್ತದೆ. ನೆಲಕ್ಕೆ ತಾಗಿಸದೆ ತೂಗುಹಾಕಿ ಇಡುತ್ತಾರೆ. ವಾದ್ಯ ಎಂದರೆ ಕಡಿಮೆಯೇ ಆಯ್ತು, ಅಲ್ವಾ?

ಆಚರಣೆಯ ದಿನ ಮೊದಲು ಪೀಠದ ಎದುರು ಹಾಡಿಲ್ಲದೆ ಬರೀ ಡೋಲು ನುಡಿಯುತ್ತದೆ. ದಾರಿ ತೆರೆಯುವ ಎಲೆಗುವಾನಿಂದ ಶುರುಮಾಡಿ ಒಂದೊಂದೇ ಒರಿಷಾಕ್ಕೆ ವಂದನೆ. ಆಮೇಲೆ ಜನರ ನಡುವೆ ಹಾಡು, ಕುಣಿತ. ದೀಕ್ಷೆ ಪಡೆದವರು ಬಂದು ಡೋಲಿಗೆ ನಮಸ್ಕರಿಸುತ್ತಾರೆ. ಹೊಸದಾಗಿ ದೀಕ್ಷೆ ಪಡೆದವರನ್ನು ಒಮ್ಮೆ ಈ ಡೋಲಿನ ಮುಂದೆ ನಿಲ್ಲಿಸಿ ಪರಿಚಯಿಸಬೇಕು. ಕುಣಿತ ಏರಿದಂತೆ ತಾಯಿಡೋಲಿನ ಕರೆಗೆ ಒರಿಷಾ ಯಾರದೋ ಮೈಮೇಲೆ ಬರುತ್ತದೆ. ಆ ವ್ಯಕ್ತಿಯನ್ನು ‘ಕುದುರೆ’ ಎನ್ನುತ್ತಾರೆ.

ಅನ್ಯಾ ಇರುವ ಡೋಲನ್ನು ಹೆಂಗಸರು ಮುಟ್ಟಬಾರದು ಎಂಬ ಕಟ್ಟಳೆ ಇದೆ. 1990ರ ದಶಕದಲ್ಲಿ ಹವಾನಾದಲ್ಲಿ ‘ಓಬಿನಿ ಬಟಾ’ ಎಂಬ ಹೆಂಗಸರ ತಂಡ ಹುಟ್ಟಿ ಅಬೆರಿಕುಲಾಗಳನ್ನು ಕೈಗೆತ್ತಿಕೊಂಡಿತು. ಅವರ ಧೈರ್ಯ ನನಗೆ ಇಷ್ಟ. ಕಟ್ಟಳೆಯ ಬಗ್ಗೆ ಆ ಸಮುದಾಯದೊಳಗೇ ವಾದ ಇನ್ನೂ ನಡೆದಿದೆ.

ಆಚರಣೆಯ ಕೊನೆಗೆ ಡೋಲುಗಳ ಮುಂದೆ ಒಂದು ಬಕೆಟ್ ನೀರು ಇಡುತ್ತಾರೆ. ಬಡಿತ ನಡೆಯುತ್ತಿರುವಾಗಲೇ ಒಬ್ಬರು ಆ ನೀರನ್ನು ಹೊತ್ತೊಯ್ದು ಬೀದಿಗೆ ಚೆಲ್ಲುತ್ತಾರೆ. ಕೆಟ್ಟದ್ದೆಲ್ಲ ಆ ನೀರಿನ ಜೊತೆ ಹೋಯಿತು ಅಂತ ನಂಬಿಕೆ. ಖಾಲಿ ಬಕೆಟ್ ಒಳಗೆ ಬಂದ ಮೇಲೆ ಡೋಲು ನಿಲ್ಲುತ್ತದೆ.