ಪೌರತ್ವರಹಿತರು ಬೇರೆ, ನಿರಾಶ್ರಿತರು ಬೇರೆ

ರೋಹಿಂಗ್ಯಾಗಳ ಸುದ್ದಿ ಬಂದಾಗಲೆಲ್ಲ ‘ನಿರಾಶ್ರಿತರು’, ‘ಪೌರತ್ವ ಇಲ್ಲದವರು’, ‘ದಾಖಲೆ ಇಲ್ಲದವರು’ ಎಂಬ ಮೂರನ್ನೂ ಒಂದೇ ವರದಿಯಲ್ಲಿ ಅದಲುಬದಲು ಮಾಡಿ ಬರೆಯುವುದು ಅತಿಯಾಗಿದೆ. ಇವು ಸಮಾನಾರ್ಥಕ ಪದಗಳಲ್ಲ. ಒಬ್ಬರಿಗೇ ಮೂರೂ ಅನ್ವಯಿಸಬಹುದು, ಒಂದೇ ಒಂದು ಅನ್ವಯಿಸಬಹುದು.

‘ಪೌರತ್ವರಹಿತ’ ಎಂಬುದರ ಅರ್ಥವನ್ನು ವಿಶ್ವಸಂಸ್ಥೆಯ 1954ರ ಒಡಂಬಡಿಕೆಯ ಮೊದಲ ವಿಧಿಯೇ ಹೇಳುತ್ತದೆ: ಯಾವ ದೇಶವೂ ತನ್ನ ಕಾನೂನು ನಡೆಯುವ ರೀತಿಯಲ್ಲಿ ಯಾರನ್ನು ತನ್ನ ಪ್ರಜೆ ಎಂದು ಪರಿಗಣಿಸುವುದಿಲ್ಲವೋ ಅವರು. ಇದರಲ್ಲಿ ಗಡಿ ದಾಟುವ ಮಾತಿಲ್ಲ, ಓಡಿಹೋಗುವ ಮಾತಿಲ್ಲ. ನಿರಾಶ್ರಿತರ ವ್ಯಾಖ್ಯೆ 1951ರ ಬೇರೆಯೇ ಒಡಂಬಡಿಕೆಯಲ್ಲಿದೆ. ಅದರ ಪ್ರಕಾರ ವ್ಯಕ್ತಿ ತನ್ನ ದೇಶದ ಹೊರಗಿರಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳವಾದೀತೆಂಬ ಆಧಾರವುಳ್ಳ ಭಯವೂ ಇರಬೇಕು. ಸಿರಿಯಾದಿಂದ ತಪ್ಪಿಸಿಕೊಂಡು ಬಂದವರಲ್ಲಿ ಬಹುತೇಕರು ಸಿರಿಯಾದ ಪ್ರಜೆಗಳೇ. ನಿರಾಶ್ರಿತರು ಹೌದು, ಪೌರತ್ವರಹಿತರಲ್ಲ. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನು ಹೊರಗಿಟ್ಟ ರೋಹಿಂಗ್ಯಾ ವ್ಯಕ್ತಿ ಆ ದೇಶದ ರಖೈನ್‌ನ ತನ್ನ ಊರಲ್ಲೇ ಇದ್ದರೂ ಪೌರತ್ವರಹಿತ. ಜೀವಭಯದಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ಶಿಬಿರ ಸೇರಿದ ಮೇಲೆ ನಿರಾಶ್ರಿತನೂ ಹೌದು.

ಈ ಗೊಂದಲಕ್ಕೆ ಚರಿತ್ರೆಯ ಕಾರಣವಿದೆ. 1921ರ ಡಿಸೆಂಬರ್‌ನಲ್ಲಿ ಸೋವಿಯತ್ ಸರ್ಕಾರ ದೇಶ ಬಿಟ್ಟುಹೋದ ಲಕ್ಷಾಂತರ ರಷ್ಯನ್ನರ ಪೌರತ್ವ ಕಿತ್ತುಕೊಂಡಿತು. ಅವರಿಗಾಗಿ 1922ರಲ್ಲಿ, ಪ್ರಯಾಣಕ್ಕೆ ಗುರುತಿನ ಪತ್ರವಾಗಿ, ನಾನ್ಸೆನ್ ಪಾಸ್‌ಪೋರ್ಟ್ ಬಂತು. 1941ರ ನವೆಂಬರ್‌ನಲ್ಲಿ ನಾಜಿ ಜರ್ಮನಿ ಹೊರದೇಶಗಳಲ್ಲಿದ್ದ ತನ್ನ ಯಹೂದಿಗಳ ಪೌರತ್ವವನ್ನೂ ಹಾಗೇ ಕಿತ್ತುಕೊಂಡಿತು. ಆ ಕಾಲದ ಯುರೋಪಿನಲ್ಲಿ ಎರಡೂ ಸ್ಥಿತಿಗಳು ಒಂದೇ ಜನರ ಮೇಲೆ ಬಿದ್ದಿದ್ದವು. ಹಾಗಾಗಿ ಪೌರತ್ವರಹಿತರ ವಿಷಯವನ್ನು ನಿರಾಶ್ರಿತರ ಒಡಂಬಡಿಕೆಗೇ ಅನುಬಂಧವಾಗಿ ಸೇರಿಸುವ ಕರಡು ಸಿದ್ಧವಾಗಿತ್ತು. 1951ರಲ್ಲಿ ಅದನ್ನು ಪಕ್ಕಕ್ಕಿಟ್ಟರು. ಮೂರು ವರ್ಷದ ನಂತರ ಅದು ಪ್ರತ್ಯೇಕ ಒಡಂಬಡಿಕೆಯಾಯಿತು. ಕಾನೂನಿನಲ್ಲಿ ಬೇರ್ಪಟ್ಟ ಮೇಲೂ ಮಾತಿನಲ್ಲಿ ಬೇರ್ಪಟ್ಟಿಲ್ಲ.

ಎರಡನ್ನೂ ಬೆರೆಸಿದರೆ ಆಗುವ ಹಾನಿ ಸಣ್ಣದಲ್ಲ. ಪೌರತ್ವರಹಿತ ಎಂದು ತೀರ್ಮಾನಿಸಲು ಸಂಬಂಧಪಟ್ಟ ದೇಶದ ಅಧಿಕಾರಿಗಳನ್ನು ‘ಈತ ನಿಮ್ಮ ಪ್ರಜೆಯೇ?’ ಎಂದು ಕೇಳಲೇಬೇಕಾಗುವುದುಂಟು. ಹೆಸರು, ಹುಟ್ಟಿದ ಸ್ಥಳ, ತಂದೆತಾಯಿಯ ವಿವರ ಎಲ್ಲವೂ ಆ ರಾಯಭಾರ ಕಚೇರಿಗೆ ಹೋಗುತ್ತದೆ. ನಿರಾಶ್ರಿತರ ವಿಷಯದಲ್ಲಿ ಮಾಡಬಾರದ್ದು ಇದನ್ನೇ. ಯಾವ ಸರ್ಕಾರಕ್ಕೆ ಹೆದರಿ ಬಂದರೋ ಅದೇ ಸರ್ಕಾರಕ್ಕೆ ಅವರ ಸುಳಿವು ಕೊಟ್ಟಂತಾಗುತ್ತದೆ. ಊರಲ್ಲುಳಿದ ಮನೆಯವರಿಗೂ ಅಪಾಯ. ಆದ್ದರಿಂದ ಒಬ್ಬರು ಎರಡೂ ಆಗಿರಬಹುದಾದರೆ ಮೊದಲು ಆಶ್ರಯದ ಅರ್ಜಿ ಇತ್ಯರ್ಥವಾಗಬೇಕು, ಅಲ್ಲಿಯವರೆಗೆ ಆ ದೇಶವನ್ನು ಸಂಪರ್ಕಿಸಬಾರದು. ಪದ ತಪ್ಪಿದರೆ ಕಡತ ತಪ್ಪು ಮೇಜಿಗೆ ಹೋಗುತ್ತದೆ, ಅದರ ಬೆಲೆಯನ್ನು ಅರ್ಜಿದಾರರು ತೆರುತ್ತಾರೆ.

ಇನ್ನು, ಕದಲದೆ ಕೂತಲ್ಲೇ ಪೌರತ್ವರಹಿತರಾಗುವುದು ಹೇಗೆ? ಸಿಲೋನಿನ (ಈಗಿನ ಶ್ರೀಲಂಕಾ) 1948ರ ಪೌರತ್ವ ಕಾಯ್ದೆ ನೋಡಿ. ಅಲ್ಲೇ ಹುಟ್ಟಿದವರೂ ತಂದೆ ಸಿಲೋನಿನಲ್ಲಿ ಹುಟ್ಟಿದ್ದನ್ನೋ, ತಂದೆಯ ಕಡೆಯ ಅಜ್ಜ, ಮುತ್ತಜ್ಜ ಇಬ್ಬರೂ ಅಲ್ಲಿ ಹುಟ್ಟಿದ್ದನ್ನೋ ತೋರಿಸಬೇಕಿತ್ತು. ಚಹಾ ತೋಟಗಳ ಭಾರತ ಮೂಲದ ತಮಿಳು ಕೂಲಿಕಾರರ ಬಳಿ ಅಂಥ ಪುರಾವೆ ಎಲ್ಲಿಂದ ಬರಬೇಕು? ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಹೊತ್ತಿಗೆ ಇಂಥವರ ಲೆಕ್ಕ 9,75,000. ಅದರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿ, ಉಳಿದ 1,50,000 ಜನರ ಪ್ರಶ್ನೆಯನ್ನು ಮುಂದಕ್ಕೆ ಹಾಕಿದರು. 1974ರಲ್ಲಿ ಅವರನ್ನೂ ಅರ್ಧರ್ಧ ಹಂಚಿಕೊಂಡರು. ಮನುಷ್ಯರನ್ನು ಹೀಗೆ ಭಾಗಾಕಾರ ಮಾಡಿದ್ದನ್ನು ಓದುವಾಗ ಈಗಲೂ ಕಸಿವಿಸಿಯಾಗುತ್ತದೆ.

ಯಾರೂ ಹಗೆ ಸಾಧಿಸದಿದ್ದರೂ ಇದು ಆಗುತ್ತದೆ. ಬ್ರೆಜಿಲ್ 1994ರಲ್ಲಿ ಸಂವಿಧಾನ ತಿದ್ದಿ, ತನ್ನ ಪ್ರಜೆಗಳಿಗೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳು ಬ್ರೆಜಿಲ್‌ಗೆ ಬಂದು ನೆಲೆಸಿದರೆ ಮಾತ್ರ ಪೌರತ್ವ ಎಂದಿತು. ಸ್ವಿಟ್ಜರ್‌ಲ್ಯಾಂಡ್, ಜಪಾನ್‌ಗಳಲ್ಲಿ ಪೌರತ್ವ ಸಿಗುವುದು ರಕ್ತಸಂಬಂಧದಿಂದ, ಹುಟ್ಟಿದ ನೆಲದಿಂದಲ್ಲ. ಅಲ್ಲಿ ಬ್ರೆಜಿಲ್ ದಂಪತಿಗೆ ಹುಟ್ಟಿದ ಮಗು ಎರಡೂ ಕಾನೂನುಗಳ ಸಂದಿಯಲ್ಲಿ ಬಿತ್ತು. 2007ರ ತಿದ್ದುಪಡಿ, ದೂತಾವಾಸದಲ್ಲಿ ಜನನ ನೋಂದಾಯಿಸಿದರೆ ಸಾಕು ಎಂದ ಮೇಲೆ ಸರಿಹೋಯಿತು. ತೈವಾನ್‌ನವರನ್ನು ಮದುವೆಯಾದ ವಿಯೆಟ್ನಾಂ ಹೆಂಗಸರ ಕಷ್ಟ ಇನ್ನೊಂದು ಬಗೆಯದು: ಹೊಸ ಪೌರತ್ವಕ್ಕಾಗಿ ಹಳೆಯದನ್ನು ತ್ಯಜಿಸಿದರು, ಹೊಸದು ಕೈಸೇರುವ ಮೊದಲೇ ಮದುವೆ ಮುರಿಯಿತು. ಇನ್ನೊಂದು ಪೌರತ್ವ ಖಚಿತವಾಗದೆ ಇದ್ದದ್ದನ್ನು ಬಿಡಲು ಅವಕಾಶ ಕೊಡಬಾರದು ಎಂದು, ಪೌರತ್ವರಹಿತ ಸ್ಥಿತಿಯನ್ನು ಕಡಿಮೆ ಮಾಡುವ 1961ರ ಒಡಂಬಡಿಕೆಯ 7ನೇ ವಿಧಿ ಹೇಳುವುದು ಇದಕ್ಕಾಗಿಯೇ.

‘ದಾಖಲೆ ಇಲ್ಲದವರು’ ಮತ್ತೂ ಬೇರೆ. ಪಾಸ್‌ಪೋರ್ಟ್ ಪೌರತ್ವಕ್ಕೆ ಪುರಾವೆ, ಪೌರತ್ವವೇ ಅಲ್ಲ. ಕಳೆದುಹೋದರೆ ಪೌರತ್ವ ಹೋಗುವುದಿಲ್ಲ. ಜನನ ಪ್ರಮಾಣಪತ್ರ ಸಾಮಾನ್ಯವಾಗಿ ಅಷ್ಟೂ ಅಲ್ಲ. ಎಲ್ಲಿ, ಯಾರಿಗೆ ಹುಟ್ಟಿದ್ದು ಎಂಬೆರಡನ್ನು ಅದು ಹೇಳುತ್ತದೆ, ಅಷ್ಟೇ. ಆದರೆ ಆ ಎರಡು ವಿವರ ಇಲ್ಲದಿದ್ದರೆ ಮುಂದೆ ಏನನ್ನೂ ಸಾಬೀತು ಮಾಡಲಾಗದು, ಅದಕ್ಕೇ ನೋಂದಣಿ ಮುಖ್ಯ.

ಒಬ್ಬರು ಪೌರತ್ವರಹಿತರೇ ಎಂದು ತೀರ್ಮಾನಿಸುವಾಗ ಜಗತ್ತಿನ ಎಲ್ಲ ದೇಶಗಳನ್ನೂ ಕೇಳಬೇಕಿಲ್ಲ. ಹುಟ್ಟು, ತಂದೆತಾಯಿ, ಮದುವೆ, ದೀರ್ಘ ವಾಸ ಇವುಗಳಿಂದ ನಂಟಿರುವ ದೇಶಗಳು ಸಾಕು. ಕಾನೂನಿನ ಅಕ್ಷರದ ಜೊತೆಗೆ ಅಧಿಕಾರಿಗಳು ಅದನ್ನು ಆ ವ್ಯಕ್ತಿಗೆ ಹೇಗೆ ಅನ್ವಯಿಸಿದ್ದಾರೆ ಎಂಬುದನ್ನೂ ನೋಡಬೇಕು. ಪುಸ್ತಕದಲ್ಲಿ ಪ್ರಜೆ, ಕಚೇರಿಯಲ್ಲಿ ಅಲ್ಲ ಎಂದಾದರೆ ಗಣನೆಗೆ ಬರುವುದು ಕಚೇರಿಯ ನಿಲುವು. ‘ಅರ್ಜಿ ಹಾಕಿದರೆ ಆ ದೇಶದ ಪೌರತ್ವ ಸಿಗುತ್ತಿತ್ತಲ್ಲ’ ಎಂಬ ವಾದಕ್ಕೂ ಇಲ್ಲಿ ಜಾಗವಿಲ್ಲ. ವ್ಯಾಖ್ಯೆ ಕೇಳುವುದು ತೀರ್ಮಾನದ ದಿನ ಪೌರತ್ವ ಇದೆಯೇ ಎಂದು, ಮುಂದೆ ಸಿಕ್ಕೀತೇ ಎಂದಲ್ಲ.